ದೂರು ಕೊಡೋಣ ಅಂದ್ರೆ ಬಾಗಿಲೇ ಇಲ್ಲ!

ನಮ್ಮ ಚಿಂಚೋಳಿಯಲ್ಲಿ ಪತ್ರ ಬರೋದು ತಡವಾದ್ರೆ ಅಂಚೆ ಕಚೇರಿಗೆ ಹೋಗಿ ‘ಮಾಸ್ತರ್ರೇ, ಏನಾಗ್ಯದ ನೋಡ್ರಿ’ ಅಂತ ಕೇಳಬಹುದು. ಇಮೇಲ್‌ಗೂ ಅದೇ ನಿಯಮ, ಹೆಸರೂ ಅದೇ. ಮೇಲ್ ಸ್ವೀಕರಿಸುವ ಪ್ರತಿ ಸೇವೆಯಲ್ಲೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಲೇಬೇಕು ಎನ್ನುತ್ತದೆ 2008ರ ಆರ್‌ಎಫ್‌ಸಿ 5321 ಎಂಬ ತಾಂತ್ರಿಕ ದಾಖಲೆ. ಅದು ತಾಂತ್ರಿಕ ತೊಂದರೆಗೆ. ಕಿರುಕುಳ, ಮೋಸದ ದೂರಿಗೆ ‘ಅಬ್ಯೂಸ್’ ಎಂಬ ವಿಳಾಸ ಇಡಿ ಎಂದು 1997ರಲ್ಲೇ ಆರ್‌ಎಫ್‌ಸಿ 2142 ಹೇಳಿತ್ತು.

ವಿಳಾಸ ಇಡೋದು ಸುಲಭ, ಓದೋರು ಬೇಕಲ್ಲ? ಕೆಲವು ಕಡೆ ತಮಾಷೆ ನೋಡಿ: ಸ್ಪ್ಯಾಮ್ ಮೇಲ್ ಜೋಡಿಸಿ ದೂರು ಕಳಿಸಿದರೆ, ಆ ದೂರನ್ನೇ ಸ್ಪ್ಯಾಮ್ ಅಂತ ಫಿಲ್ಟರ್ ಆಚೆ ತಳ್ಳುತ್ತೆ.

ಇದು ಬರೀ ಎಂಜಿನಿಯರುಗಳ ತಲೆನೋವಲ್ಲ. ವಿನ್ಯಾಸ ಕಂಪನಿಯೊಂದು ತನ್ನ ಮಹಿಳಾ ಉದ್ಯೋಗಿಗಳನ್ನು ಗುರಿಮಾಡಿ ಪ್ರೋಟಾನ್ ಮೇಲ್‌ನಿಂದ ಅಶ್ಲೀಲ ಮೇಲ್‌ಗಳು, ಡೀಪ್‌ಫೇಕ್ ಚಿತ್ರಗಳು ಬಂದಿವೆ ಎಂದು ಕರ್ನಾಟಕ ಹೈಕೋರ್ಟ್‌ಗೆ ಹೋಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಐಟಿ ಕಾಯ್ದೆಯ 69ಎ ಕಲಮಿನಡಿ ಆ ಸೇವೆಯನ್ನೇ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ಸೂಚಿಸಿದರು.

ಪ್ರೋಟಾನ್‌ಗೆ ಅಬ್ಯೂಸ್ ವಿಳಾಸ ಇಲ್ಲ ಅಂತಲ್ಲ, ಇದೆ. ಆದರೆ ಕಂಪನಿ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಕಳಿಸಿದವರು ಯಾರು ಎಂಬ ಮಾಹಿತಿ ನಮ್ಮ ಪೊಲೀಸರಿಗೆ ಬೇಕಾದರೆ ಅಲ್ಲಿನ ಕಾನೂನಿನ ದಾರಿಯಲ್ಲೇ ಹೋಗಬೇಕು. ಅದಕ್ಕೆ ಸಮಯ ಹಿಡಿಯಲಿ. ಖಾತೆ ಮುಚ್ಚೋಕೆ ಯಾವ ದೇಶದ ಅಪ್ಪಣೆಯೂ ಬೇಡ, ದೂರು ಓದುವ ಒಬ್ಬ ಸಿಬ್ಬಂದಿ ಸಾಕು. ಯಾವುದೇ ಸೇವೆ ಅಷ್ಟನ್ನು ಮಾಡದಿದ್ದರೆ ಜನ ಕೋರ್ಟಿಗೇ ಹೋಗಬೇಕಾಗುತ್ತೆ. ಇಡೀ ಸೇವೆ ಬಂದ್ ಆದರೆ ಮಾತ್ರ ಅದೇ ಮೇಲ್‌ನಿಂದ ಕೆಲಸಕ್ಕೆ ಅರ್ಜಿ ಹಾಕಿದವರ ಸಂದರ್ಶನದ ಪತ್ರವೂ ಹೋಯಿತು. ನನಗೆ ಇದು ಸರಿ ಕಾಣಲ್ಲ.

ನಮ್ಮಲ್ಲಿ 2021ರ ಐಟಿ ನಿಯಮಗಳು ಬಂದಾಗ, ಕುಂದುಕೊರತೆ ಅಧಿಕಾರಿಯ ಹೆಸರನ್ನು ಜಾಲತಾಣದಲ್ಲೇ ಹಾಕಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು ಎಂದವು. ಬಳಸಿಕೊಳ್ಳಿ. ಕೆಟ್ಟ ಮೇಲ್ ಬಂದರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಯಾಕಂದ್ರೆ ‘ಫ್ರಮ್’ ಹೆಸರನ್ನು ಯಾರು ಬೇಕಾದರೂ ನಕಲು ಮಾಡಬಹುದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ‘ಶೋ ಒರಿಜಿನಲ್’ ಒತ್ತಿ, ಮೇಲ್ ಬಂದ ದಾರಿ ತೋರಿಸುವ ಆ ಪೂರ್ತಿ ಹೆಡರ್ ಜೊತೆಗೇ ದೂರು ಕಳಿಸಿ. ಬೆದರಿಕೆ ಇದ್ದರೆ ಸೈಬರ್ ಪೊಲೀಸರಿಗೂ ಹೇಳಿ. ಹಣ ಹೋಗಿದ್ದರೆ ಮಾತ್ರ ಯಾರ ಉತ್ತರಕ್ಕೂ ಕಾಯಬೇಡಿ, ಮೊದಲು 1930ಕ್ಕೆ ಕರೆ ಮಾಡಿ.