ರೋಹಿಣಿ ಮಳೆ, ಆರ್‌ಸಿಬಿ ಮ್ಯಾಚು

ಹಾವೇರಿ ಸೀಮೆಯಲ್ಲಿ ಮೇ ಕೊನೆ ಬಂತಂದ್ರೆ ಜನ ಎರಡಕ್ಕೆ ಕಾಯ್ತಾರೆ: ರೋಹಿಣಿ ಮಳೆಗೆ, ಐಪಿಎಲ್ ಪ್ಲೇಆಫ್‌ಗೆ.

ಅಭಿಮಾನಿಯ ದಿನ ಶುರುವಾಗೋದು ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ. ಗೋವಿನಜೋಳದ ಪಾಕೀಟು ಕೈಯಲ್ಲಿ, ಪಾಯಿಂಟ್ಸ್ ಪಟ್ಟಿ ಬಾಯಲ್ಲಿ. ಮೊದಲೆರಡು ಸ್ಥಾನ ಸಿಕ್ಕರೆ ಒಂದು ಸೋಲಾದರೂ ಇನ್ನೊಂದು ಅವಕಾಶ ಇರುತ್ತೆ. ಮೂರು, ನಾಲ್ಕನೇ ಸ್ಥಾನದವರು ಸೋತರೆ ಮನೆಗೆ. ಈ ಲೆಕ್ಕ ಚಹಾದಂಗಡಿಯಲ್ಲಿ ಎಲ್ಲರಿಗೂ ಬಾಯಿಪಾಠ.

ಗುಡುಗಿದರೆ ಕರೆಂಟ್ ಹೋಗುತ್ತೆ. ಅದಕ್ಕೇ ಸಂಜೆಯೊಳಗೆ ಮೊಬೈಲ್ ಫುಲ್ ಚಾರ್ಜ್. ಏಳೂವರೆಗೆ ಕಟ್ಟೆ ಮೇಲೆ ಒಂದು ಫೋನು, ಹತ್ತು ತಲೆ, ನಡುವೆ ಮಂಡಕ್ಕಿ-ಮಿರ್ಚಿ.

2025ರ ಮೇ 29, ಗುರುವಾರ, ಪ್ಲೇಆಫ್ ಪಂದ್ಯ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ, ಗುರುವಾರವೇ ದೊಡ್ಡ ದಿನ. ಚೀಲ ಹೊತ್ತು ದಣಿದ ಹಮಾಲನಿಗೂ ಆ ರಾತ್ರಿ ಆಯಾಸ ಕಾಣಲಿಲ್ಲ. ಪಂಜಾಬ್ 101ಕ್ಕೆ ಆಲೌಟ್, ಆರ್‌ಸಿಬಿ ಹತ್ತೇ ಓವರಿನಲ್ಲಿ ಮುಗಿಸಿತು.

ಜೂನ್ 3ರಂದು ಅಹಮದಾಬಾದ್‌ನಲ್ಲಿ ಫೈನಲ್. ನಮ್ಮದು 190, ಪಂಜಾಬಿನದು 184. ಬರೀ ಆರು ರನ್! ಶಾಲೆಗೆ ಹೋಗುವಾಗ ಕಪ್ಪಿಗಾಗಿ ಕಾಯಲು ಶುರುಮಾಡಿದವರು ತಮ್ಮ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಕುಣಿಯುವ ವಯಸ್ಸಿಗೆ ಬಂದಿದ್ದರು. ಅದು 18ನೇ ಸೀಸನ್.

ಮರುದಿನ ಗೆಲುವಿನ ಸಂಭ್ರಮದ ನಡುವೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. 11 ಅಭಿಮಾನಿಗಳು ತೀರಿಹೋದರು. ಕಪ್ಪಿನ ಜೊತೆ ಅವರನ್ನೂ ನೆನೆಯಬೇಕು.

ಮುಂದಿನ ಸಲ ಗೆದ್ದಾಗ ನಿಮ್ಮೂರ ಕಟ್ಟೆ ಮುಂದೆಯೇ ಕುಣೀರಿ. ಎಲ್ಲಾದರೂ ನೂಕುನುಗ್ಗಲು ಕಂಡರೆ ದಯವಿಟ್ಟು ಹಿಂದೆ ಸರೀರಿ.