ಅವರ ಕೈಗೂ ಒಂದು ಕೆಲಸ ಬೇಕು

"ಹಕೀಮ್ ಸಾಹೇಬರೇ, ಮಗನಿಗೆ ಇಪ್ಪತ್ತಾಯಿತು. ಬುದ್ಧಿ ಚುರುಕಾಗಲು ಏನಾದರೂ ಕೊಡಿ. ನಾವು ಹೋದ ಮೇಲೆ ಇವನ ಗತಿಯೇನು?" ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಕ್ಕಳ ತಾಯಂದಿರು ದವಾಖಾನೆಯಲ್ಲಿ ಹೀಗೆ ಕೇಳುವುದುಂಟು. ಮೊದಲು ಔಷಧಿಯ ವಿಷಯ. ಡೌನ್ ಸಿಂಡ್ರೋಮ್ ಇರುವವರ ಜೀವಕೋಶಗಳಲ್ಲಿ 21ನೇ ವರ್ಣತಂತು ಒಂದು ಹೆಚ್ಚಿರುತ್ತದೆ. ಅದನ್ನು ಸರಿಪಡಿಸುವ ಮಾಜೂನ್ ಆಗಲಿ ಖಮೀರಾ ಆಗಲಿ ಇಲ್ಲ. ಬೇರೆ ಪದ್ಧತಿಗಳಲ್ಲೂ ಅಂಥ ಔಷಧಿಯಿಲ್ಲ. ಜಾಹೀರಾತು ನಂಬಿ ಹಣ ಕಳೆದುಕೊಳ್ಳಬೇಡಿ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬುದೂ ತಪ್ಪು ತಿಳಿವಳಿಕೆ. ಆದರೆ ಅವನಿಗೆ ಕೆಲಸ ಕಲಿಸಬಹುದು.

ಇಲ್ಲಿ ಎರಡು ತೊಂದರೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರುವವರ ಬುದ್ಧಿಶಕ್ತಿ ಸಾಮಾನ್ಯವಾಗಿಯೇ ಇರುತ್ತದೆ. ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕು. ಬೌದ್ಧಿಕ ನ್ಯೂನತೆ ಇರುವವರು ಹೊಸದನ್ನು ನಿಧಾನವಾಗಿ ಕಲಿಯುತ್ತಾರೆ. ಇಬ್ಬರೂ ದುಡಿಯಬಲ್ಲರು. ಆದರೆ ಇಬ್ಬರಿಗೂ ಒಂದೇ ರೀತಿಯ ಕೆಲಸ, ಒಂದೇ ರೀತಿಯ ತರಬೇತಿ ಹೊಂದುವುದಿಲ್ಲ.

ಶಾಲೆ ಮುಗಿದ ಮೇಲೆ ಮನೆಯಲ್ಲೇ ಕೂತರೆ ತೂಕ ಏರುತ್ತದೆ, ಮಲಬದ್ಧತೆ ಶುರುವಾಗುತ್ತದೆ, ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ. ಹೊತ್ತಿಗೆ ಸರಿಯಾಗಿ ಎದ್ದು ಸ್ನಾನ ಮಾಡಿ ಕೆಲಸಕ್ಕೆ ಹೊರಡುವವರಲ್ಲಿ ಈ ತೊಂದರೆಗಳು ಕಡಿಮೆ.

ಇದು ಬರೀ ಆಸೆಯ ಮಾತಲ್ಲ. ಅಲೀನಾ ಆಲಂ ಎಂಬ ಯುವತಿ 2017ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಆರಂಭಿಸಿದ 'ಮಿಟ್ಟಿ ಕೆಫೆ'ಯಲ್ಲಿ ಬೌದ್ಧಿಕ ನ್ಯೂನತೆ ಇರುವವರೂ ಸೇರಿದಂತೆ ಅಂಗವಿಕಲರೇ ಅಡುಗೆ ಮಾಡುತ್ತಾರೆ, ಬಡಿಸುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ಅದರ ಶಾಖೆ ತೆರೆಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಎರಡೂ ನ್ಯೂನತೆಗಳನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಸರ್ಕಾರಿ ಹುದ್ದೆಗಳಲ್ಲಿ ಶೇ. 40 ಅಥವಾ ಹೆಚ್ಚು ವೈಕಲ್ಯವಿರುವವರಿಗೆ ಕನಿಷ್ಠ ಶೇ. 4 ಮೀಸಲು. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವೈಕಲ್ಯ ಇರುವವರಿಗೆ. ಖಾಸಗಿಯವರಿಗೆ ಇಂಥ ಕಡ್ಡಾಯವಿಲ್ಲ. ಆದ್ದರಿಂದ ಬೇಕರಿ, ಹೋಟೆಲ್, ಗ್ಯಾರೇಜ್, ಬಟ್ಟೆ ಅಂಗಡಿ ನಡೆಸುವ ನಮ್ಮವರ ಮನಸ್ಸು ಇಲ್ಲಿ ಮುಖ್ಯ.

ಕೆಲಸ ಕೊಡುವವರು ಗಮನಿಸಿ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯಿರಿ. ಬಿಸ್ಕತ್ತು ಪ್ಯಾಕ್ ಮಾಡಬೇಕಿದ್ದರೆ ಎಣಿಸುವುದು, ತುಂಬುವುದು, ಅಂಟಿಸುವುದು, ಹೀಗೆ ಒಂದು ಬಂದ ಮೇಲೆ ಇನ್ನೊಂದು. ಮಾತಿಗಿಂತ ಮಾಡಿ ತೋರಿಸುವುದು ಲೇಸು. ಗೋಡೆಗೆ ಚಿತ್ರ ಅಂಟಿಸಿ. ಕಲಿಸುವವರು ಒಬ್ಬರೇ ಇರಲಿ. ಡಿಸ್ಲೆಕ್ಸಿಯಾ ಇರುವವರಿಗೆ ಚೀಟಿ ಬರೆದುಕೊಡುವ ಬದಲು ಬಾಯಲ್ಲಿ ಹೇಳಿ. ಸಂಬಳ ಕೆಲಸಕ್ಕೆ ತಕ್ಕಂತಿರಲಿ, ಅವರ ಖಾತೆಗೇ ಹೋಗಲಿ. ಊಟ, ಚಹಾ ಕೊಟ್ಟು ದುಡಿಸಿಕೊಳ್ಳುವುದು ಉಪಕಾರವಲ್ಲ.

ಕೆಲಸಕ್ಕೆ ಸೇರಿಸುವ ಮುನ್ನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ಮತ್ತು ಹೃದಯದ ಪರೀಕ್ಷೆಯೂ ಬೇಕು. ಅವರ ಕತ್ತಿನ ಕೀಲು ಸಡಿಲವಿರಬಹುದು; ವೈದ್ಯರನ್ನು ಕೇಳದೆ ತಲೆಯ ಮೇಲೆ ಹೊರೆ ಹೊರಿಸಬೇಡಿ. ಮೂರ್ಛೆರೋಗವಿದ್ದರೆ ಒಲೆ, ಯಂತ್ರ, ಏಣಿಯ ಕೆಲಸ ಬೇಡ. ರಮಝಾನ್‌ನಲ್ಲೂ ಮಾತ್ರೆಯ ಹೊತ್ತನ್ನು ವೈದ್ಯರ ಸಲಹೆಯಿಲ್ಲದೆ ಬದಲಿಸಬೇಡಿ.

ಮನೆಯ ಪಾಠ ಚಿಕ್ಕಂದಿನಲ್ಲೇ ಆರಂಭವಾಗಲಿ. ಉಗುರು ಕತ್ತರಿಸುವುದು, ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು, ತಟ್ಟೆ ತೊಳೆದಿಡುವುದು, ಅಂಗಡಿಯಿಂದ ಹಾಲು ತರುವುದು, ಇವೆಲ್ಲ ಮುಂದಿನ ನೌಕರಿಗೆ ತರಬೇತಿಯೇ. ಹೆಣ್ಣುಮಕ್ಕಳಿಗೆ ಮುಟ್ಟಿನ ಶುಚಿತ್ವ ಹೇಳಿಕೊಡಿ. ಯಾರಾದರೂ ಮೈಮುಟ್ಟಿದರೆ "ಬೇಡ" ಎಂದು ಕೂಗಿ ಮನೆಯಲ್ಲಿ ತಿಳಿಸುವುದನ್ನು ಗಂಡು, ಹೆಣ್ಣು ಇಬ್ಬರಿಗೂ ಕಲಿಸಿ.

ಕಾಗದಪತ್ರಗಳೂ ಬೇಕು. ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ. ಬೌದ್ಧಿಕ ನ್ಯೂನತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗುವುದಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು.

"ನಾವು ಹೋದ ಮೇಲೆ" ಎಂಬ ಚಿಂತೆ ಪೂರ್ತಿ ಹೋಗಲಾರದು. ತನ್ನ ಕೆಲಸ ತಾನು ಮಾಡಿಕೊಳ್ಳುವ, ನಾಲ್ಕು ಜನರ ಪರಿಚಯವಿರುವ, ಖಾತೆಯಲ್ಲಿ ಸ್ವಲ್ಪ ದುಡ್ಡಿರುವ ಮಗನ ಬಗ್ಗೆ ಆ ಚಿಂತೆ ಕಡಿಮೆಯಾಗುತ್ತದೆ. ಅಂಗಡಿ ಇರುವವರು ತಮ್ಮ ಮೊಹಲ್ಲಾದ ಅಂಥ ಒಬ್ಬರಿಗೆ ದಿನಕ್ಕೆ ಎರಡು ಗಂಟೆಯ ಕೆಲಸ ಕೊಟ್ಟು ನೋಡಿ.