ಅಳಿಸಿದ ಮಾತ್ರಕ್ಕೆ ಡೇಟಾಬೇಸ್ ಮೊದಲಿನಂತಾಗದು

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಲ್ಲಿ ತೀರಿಹೋದ ಅಪ್ಪನ ಹೊಲ ಮಕ್ಕಳ ಹೆಸರಿಗಾಗಬೇಕಾದರೆ ವಾರ್ಸಾ ಮಾಡಿಸಬೇಕು. ಆಮೇಲೆ ಹೊಸ ಉತಾರ, ಅಂದರೆ ಪಹಣಿ. ‘ಭೂಮಿ’ ಯೋಜನೆ ಬಂದು 2000ದ ಸುಮಾರಿಗೆ ಕೈಬರಹದ ಪಹಣಿ ಕಂಪ್ಯೂಟರಿಗೆ ಹೋಯಿತು. ಇಂಥ ದಾಖಲೆಯ ತಂತ್ರಾಂಶ ಬರೆಯುವವರು ಒಂದೇ ವಾರ್ಸಾವನ್ನು ಮತ್ತೆ ಮತ್ತೆ ಓಡಿಸಿ ನೋಡಬೇಕಾಗುತ್ತದೆ. ಪ್ರತಿ ಸಲ ಓಡಿಸುವ ಮುನ್ನವೂ ಹೊಲ ಅಪ್ಪನ ಹೆಸರಲ್ಲೇ ಇರಬೇಕು. ಇಲ್ಲದಿದ್ದರೆ ಎರಡನೆಯ ಪರೀಕ್ಷೆಯ ಫಲಿತಾಂಶವನ್ನು ನಂಬುವ ಹಾಗಿಲ್ಲ. ಹೀಗೆ ಡೇಟಾಬೇಸನ್ನು ಮೊದಲಿನ ಸ್ಥಿತಿಗೆ ತರುವ ಬಗ್ಗೆ ಕೆಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಪರೀಕ್ಷೆಯ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಮಾಡಿದರೆ ಎಲ್ಲವೂ ಹಿಂದಿನಂತಾಗುತ್ತದೆ.

ಸತ್ಯ: ಸಾಲುಗಳು ಹಿಂದಿನಂತಾಗುತ್ತವೆ, ಕ್ರಮಸಂಖ್ಯೆ ಆಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸೀಕ್ವೆನ್ಸ್ ಒಮ್ಮೆ ಕೊಟ್ಟ ನಂಬರನ್ನು ಮರಳಿ ಪಡೆಯದು. ಏಕಕಾಲಕ್ಕೆ ಹಲವರು ಕೆಲಸ ಮಾಡುವಾಗ ಒಬ್ಬರಿಗಾಗಿ ಇನ್ನೊಬ್ಬರು ಕಾಯದಿರಲೆಂದೇ ಈ ವ್ಯವಸ್ಥೆ. ಹಾಗಾಗಿ ಮ್ಯುಟೇಶನ್ ರಿಜಿಸ್ಟರ್ (ಎಂ.ಆರ್.) ನಂಬರ್ 1 ಬರಲೇಬೇಕೆಂದು ಬರೆದ ಪರೀಕ್ಷೆ ಮೊದಲ ಸಲ ಗೆದ್ದು ಎರಡನೆಯ ಸಲ ಸೋಲುತ್ತದೆ. ತಪ್ಪು ತಂತ್ರಾಂಶದ್ದಲ್ಲ, ಪರೀಕ್ಷೆಯದು. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೂ ಎಚ್ಚರ ಬೇಕು: ಟ್ರಾನ್ಸಾಕ್ಷನ್ ನಡುವೆ ಟೇಬಲ್ ರಚಿಸಿದರೆ, ಬದಲಿಸಿದರೆ ಅಥವಾ ಟ್ರಂಕೇಟ್ ಮಾಡಿದರೆ ಅಲ್ಲಿಯವರೆಗಿನ ಕೆಲಸ ತಾನಾಗಿಯೇ ಕಮಿಟ್ ಆಗಿಬಿಡುತ್ತದೆ, ಹಿಂದೆ ತರಲು ಏನೂ ಉಳಿಯದು.

ತಪ್ಪು ಕಲ್ಪನೆ: ಟ್ರಂಕೇಟ್ ಯಾವಾಗಲೂ ಡಿಲೀಟ್‌ಗಿಂತ ವೇಗ.

ದೊಡ್ಡ ಟೇಬಲ್‌ಗೆ ನಿಜ. ಹತ್ತಿಪ್ಪತ್ತು ಸಾಲಿನ ಪರೀಕ್ಷಾ ಟೇಬಲ್‌ಗೆ ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಎಷ್ಟೋ ಸಲ ಬೇಗ ಮುಗಿಯುತ್ತದೆ. ಅಳೆದು ನೋಡಿ ಆರಿಸಿಕೊಳ್ಳಿ.

ತಪ್ಪು ಕಲ್ಪನೆ: ಪೂರ್ತಿ ಶುದ್ಧವಾಗಬೇಕಾದರೆ ಡೇಟಾಬೇಸನ್ನು ಪ್ರತಿ ಸಲ ಮೊದಲಿನಿಂದ ಕಟ್ಟಬೇಕು.

ಸತ್ಯ: ಒಮ್ಮೆ ಕಟ್ಟಿದರೆ ಸಾಕು. ಟೇಬಲ್‌ಗಳನ್ನೂ ಮೂಲ ಮಾಹಿತಿಯನ್ನೂ ಸಿದ್ಧಪಡಿಸಿ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ ಆ ಟೆಂಪ್ಲೇಟಿನಿಂದ ಹೊಸ ಡೇಟಾಬೇಸನ್ನು ನಕಲು ಮಾಡಿಕೊಡುತ್ತದೆ. ಆ ಹೊತ್ತಿಗೆ ಮಾದರಿಯೊಂದಿಗೆ ಬೇರೆ ಯಾರೂ ಸಂಪರ್ಕದಲ್ಲಿರಬಾರದು. ಸೀಕ್ವೆನ್ಸ್ ಕೂಡ ಮಾದರಿಯಲ್ಲಿದ್ದಂತೆಯೇ ಬರುವುದರಿಂದ ಮೇಲೆ ಹೇಳಿದ ತೊಡಕೂ ತಪ್ಪುತ್ತದೆ. ನನ್ನ ಆಯ್ಕೆ ಇದೇ.

ಕೊನೆಯದು ಎಲ್ಲಕ್ಕಿಂತ ಗಂಭೀರ. ನಿಜವಾದ ದಾಖಲೆಗಳ ನಕಲಿದ್ದರೇ ಪರೀಕ್ಷೆ ಸರಿಯಾಗುತ್ತದೆ ಎನ್ನುವವರಿದ್ದಾರೆ. ದೊಡ್ಡ ನಕಲು ಪ್ರತಿ ಸಲವೂ ನಿಧಾನ ಮಾಡುತ್ತದೆ, ಜೊತೆಗೆ ಜನರ ಖಾಸಗಿ ವಿವರ ಕಂಡಕಂಡ ಯಂತ್ರಗಳಿಗೆ ಹೋಗುತ್ತದೆ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಜಂಟಿ ಖಾತೆ, ಒಡೆದ ಹಿಸ್ಸಾ, ಅಪ್ರಾಪ್ತ ವಾರಸುದಾರ, ಒಂದೇ ಹೆಸರಿನ ಇಬ್ಬರು ಖಾತೆದಾರರು, ಇವಿಷ್ಟನ್ನೂ ಕಲ್ಪಿತ ಹೆಸರುಗಳಲ್ಲಿ ನೀವೇ ಬರೆದುಕೊಳ್ಳಿ. ಯರಗುಪ್ಪಿಯ ರೈತರ ಅಸಲಿ ಉತಾರವನ್ನು ಪರೀಕ್ಷಾ ಯಂತ್ರಕ್ಕೆ ದಯವಿಟ್ಟು ಹಾಕಬೇಡಿ.